ಪೂರ್ವದ ಕಟ್ಟೆಗೆ ದನಿ ಕೊಟ್ಟ ಪಾರವ್ವ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪುಣೆಯ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಸಾಲಿನಲ್ಲಿ ಲಾರಿಯೊಂದು ಹಿಮ್ಮುಖವಾಗಿ ಬರುತ್ತಿದೆ. ಇಲ್ಲಿನವರು ಗಾಳಾ ಎಂದು ಕರೆಯುವ ಮಳಿಗೆಯ ಮುಂದೆ ಹೆಂಗಸರು ಗೋಣಿತಟ್ಟು ಹಾಸಿಕೊಂಡು ಸಾಲಾಗಿ ಕುಳಿತು ಗಡ್ಡೆ ಆರಿಸುತ್ತಿದ್ದಾರೆ. ಕೊಳೆತದ್ದು ಒಂದು ಬುಟ್ಟಿಗೆ, ಮೊಳಕೆ ಬಂದದ್ದು ಇನ್ನೊಂದಕ್ಕೆ, ಗಟ್ಟಿಯಾದದ್ದು ಮುಂದಿನ ರಾಶಿಗೆ. ಸಾಲಿನ ಕೊನೆಯಲ್ಲಿ ಕುಳಿತ ಹೆಂಗಸು ಇದ್ದಕ್ಕಿದ್ದಂತೆ ತಲೆ ಎತ್ತುತ್ತಾರೆ. ಲಾರಿಯ ಹಿಂದಿನ ಗಾಲಿಗೂ, ಬಗ್ಗಿ ಚೀಲದ ಬಾಯಿ ಹೊಲಿಯುತ್ತಿರುವ ಹಮಾಲನಿಗೂ ನಡುವೆ ಹೆಚ್ಚು ಜಾಗ ಉಳಿದಿಲ್ಲ.

“ಹಿಂದ ಮಂದಿ ಅದಾರೋ! ನಿಲ್ಲಸೋ!”

ಎಂಜಿನ್ನಿನ ಸದ್ದು, ಹಾರ್ನು, ದಲ್ಲಾಳಿಗಳ ಗದ್ದಲ ಎಲ್ಲವನ್ನೂ ಸೀಳಿಕೊಂಡು ಆ ದನಿ ಚಾಲಕನ ಕಿವಿಗೆ ಮುಟ್ಟುತ್ತದೆ. ಅವನಿಗೆ ಕನ್ನಡ ಬರುವುದಿಲ್ಲ. ಆದರೂ ಬ್ರೇಕ್ ಒತ್ತುತ್ತಾನೆ. ಹಮಾಲ ಬೆಚ್ಚಿ ಸರಿದು ನಿಲ್ಲುತ್ತಾನೆ. ಹೆಂಗಸು ಏನೂ ಆಗಿಲ್ಲವೆಂಬಂತೆ ಮತ್ತೆ ಗಡ್ಡೆಗೆ ಕೈ ಹಾಕುತ್ತಾರೆ.

ಅವರೇ ಪಾರವ್ವ. ಐವತ್ತು ದಾಟಿದ ಗಟ್ಟಿ ಜೀವ. ಗಾಳಾದ ಮಾಲೀಕ, ಇಂಡಿ ಕಡೆಯ ವ್ಯಾಪಾರಿ ನಿಜಲಿಂಗಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ನಗುತ್ತಾರೆ. “ನಮ್ಮ ಗಾಳಾಕ್ಕ ಮೈಕ್ ಬ್ಯಾಡ ನೋಡ್ರಿ. ಪಾರವ್ವ ಒಂದ ಸಲ ಕೂಗಿದ್ರ ಹೂವಿನ ಮಾರ್ಕೆಟ್ ತನಕಾ ಕೇಳ್ತದ. ಭಾನುವಾರ ಮಾತ್ರ ರಜಾ ಕೇಳ್ತಾಳ. ಕೊಡಲಿಲ್ಲಂದ್ರ ಫುಟ್‌ಬಾಲ್ ಹುಡುಗರು ನನ್ನ ಅಂಗಡಿ ಮುಂದ ಬಂದು ಕೂಡ್ತಾರ.”

ಭಾನುವಾರದ ರಜೆ ಯಾಕೆಂದರೆ, ಅಂದು ಸಂಜೆ ‘ಮುಠಾ ವಾಂಡರರ್ಸ್’ ಫುಟ್‌ಬಾಲ್ ತಂಡದ ಪಂದ್ಯ ಇರುತ್ತದೆ. ಮೈದಾನದ ಪೂರ್ವ ಬದಿಯ ಮೆಟ್ಟಿಲುಗಳಿಗೆ ಅಭಿಮಾನಿಗಳು ಇಟ್ಟ ಹೆಸರು ‘ಕಟ್ಟೆ’. ಆ ಕಟ್ಟೆಯ ಕೂಗನ್ನು ಎತ್ತಿಕೊಡುವವರು ಪಾರವ್ವ. ಅವರು ಒಂದು ಸಾಲು ಕೂಗುತ್ತಾರೆ, ಕಟ್ಟೆ ಉತ್ತರ ಕೊಡುತ್ತದೆ. ಆಟಗಾರರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಕೋಚ್ ಹೆಸರು ಬರುತ್ತದೆ, ಜಾಹೀರಾತು ಕೊಟ್ಟವರ ಹೆಸರಂತೂ ಬಂದೇ ಬರುತ್ತದೆ. ಪಾರವ್ವನ ಹೆಸರು ಎಲ್ಲೂ ಬಂದದ್ದಿಲ್ಲ.

ಪಾರವ್ವ ಹುಟ್ಟಿದ್ದು ಅಫಜಲಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಸಣ್ಣ ಊರಲ್ಲಿ. ಮದುವೆಯಾದ ಮೇಲೆ ಗಂಡ ಹುಸೇನಪ್ಪನ ಜೊತೆ ಪುಣೆಗೆ ಬಂದರು. ಹುಸೇನಪ್ಪ ಸೆಂಟ್ರಿಂಗ್ ಕೆಲಸದವರು. ಕಟ್ಟಡಕ್ಕೆ ಕಾಂಕ್ರೀಟು ಸುರಿಯುವ ಮುಂಚೆ ಹಲಗೆ, ಕಂಬ ಕಟ್ಟಿ ಅಚ್ಚು ನಿಲ್ಲಿಸುವ ಕೆಲಸ ಅದು. ಮೊದಲ ಕೆಲವು ವರ್ಷ ಕೋಥರೂಡದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟುಗಳ ಬುಡದಲ್ಲೇ ತಗಡಿನ ಶೆಡ್ಡಿನಲ್ಲಿ ಸಂಸಾರ. ಕಟ್ಟಡ ಮುಗಿದಂತೆಲ್ಲ ಶೆಡ್ಡೂ ಮುಂದಕ್ಕೆ ಹೋಗುತ್ತಿತ್ತು. ಮಗಳು ಮಾಯಾ ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗ ಪಾರವ್ವ ಹಟ ಹಿಡಿದು ಮಾರ್ಕೆಟ್ ಯಾರ್ಡಿನ ಹಿಂದೆ, ಸರಕಾರಿ ಶಾಲೆಯ ಹತ್ತಿರ ಒಂದು ಬಾಡಿಗೆ ಖೋಲಿ ಹಿಡಿದರು. “ಮನಿ ಹಿಂದ ಸಾಲಿ ಓಡಲ್ಲರಿ, ಸಾಲಿ ಹಿಂದ ಮನಿ ಇರಬೇಕು” ಎಂದು ಗಂಡನಿಗೆ ಹೇಳಿದ್ದನ್ನು ಇವತ್ತಿಗೂ ನೆನೆಯುತ್ತಾರೆ.

ಆ ಸರಕಾರಿ ಶಾಲೆಯಲ್ಲಿ ಮಾಯಾ ಓಡುವುದನ್ನು ಕಂಡ ಆಟದ ಮೇಷ್ಟ್ರು ಅವಳನ್ನು ಮುಠಾ ವಾಂಡರರ್ಸ್‌ನ ಹುಡುಗಿಯರ ತಂಡಕ್ಕೆ ಸೇರಿಸಿದರು. ಮೊದಲ ಪಂದ್ಯದ ದಿನ ಪಾರವ್ವ ಗಾಳಾದಿಂದ ನೇರವಾಗಿ ಮೈದಾನಕ್ಕೆ ಹೋದರು. ಸೀರೆ ತುಂಬ ಉಳ್ಳಾಗಡ್ಡಿ ವಾಸನೆ. ನೋಡಲು ಬಂದವರು ಬೆರಳೆಣಿಕೆಯಷ್ಟು ಜನ, ಅವರೂ ಮುಂದಿನ ಗಂಡಸರ ಪಂದ್ಯಕ್ಕೆ ಬೇಗ ಬಂದು ಕಡಲೆಕಾಯಿ ತಿನ್ನುತ್ತಿದ್ದವರು. ಮಾಯಾ ಬಲಗಡೆಯ ಗೆರೆಯುದ್ದಕ್ಕೂ ಚೆಂಡು ತಳ್ಳಿಕೊಂಡು ಓಡತೊಡಗಿದಾಗ ಪಾರವ್ವ ತಮಗೇ ಗೊತ್ತಿಲ್ಲದೆ ಎದ್ದು ನಿಂತಿದ್ದರು.

“ಹೊಳಿ ಬಂತೋ, ಹೊಳಿ! ದಾರಿ ಬಿಡ್ರೋ, ದಾರಿ!”

“ನಮ್ಮೂರಾಗ ಮ್ಯಾಲಿನಿಂದ ನೀರು ಬಿಟ್ರ ಹಿಂಗೇ ಕೂಗ್ತಾರ್ರಿ” ಎಂದು ಪಾರವ್ವ ವಿವರಿಸುತ್ತಾರೆ. “ಹೊಳಿ ಬಂತು ಅಂದ್ರ ದನಾ ಹೊಡ್ಕೊಂಡು ದಂಡಿ ಹತ್ತಬೇಕು. ಎದುರಿಗೆ ನಿಲ್ಲಬಾರ್ದು. ನಮ್ಮ ಹುಡುಗಿ ಹಂಗ ಬರ್ಲಕತ್ತಿದ್ಲು. ನನಗ ಅದೇ ಬಾಯಿಗಿ ಬಂತು. ಫುಟ್‌ಬಾಲ್ ಅಂದ್ರ ಏನಂತ ಆಗ ಎಲ್ಲಿ ಗೊತ್ತಿತ್ತು?”

ಪುಣೆಯ ಮುಠಾ ನದಿಯ ನೀರು ಮುಂದೆ ಭೀಮೆಯನ್ನು ಸೇರಿ ತಮ್ಮ ಊರಿನ ದಂಡೆಗೇ ಹೋಗುತ್ತದೆ ಎಂಬುದನ್ನು ಮಾಯಾ ಶಾಲೆಯ ನಕಾಶೆಯಲ್ಲಿ ತೋರಿಸಿದ್ದು ಅದಾದ ಎಷ್ಟೋ ದಿನಗಳ ನಂತರ.

ಕಡಲೆಕಾಯಿ ತಿನ್ನುತ್ತಿದ್ದ ಹುಡುಗರಲ್ಲಿ ಕೋಥರೂಡದ ಮಿಥುನನೂ ಒಬ್ಬ. ಈಗ ಅವನದು ಸ್ವಂತ ದ್ವಿಚಕ್ರ ವಾಹನದ ಗ್ಯಾರೇಜು. ಆಗ ಗಣಪತಿ ಮೆರವಣಿಗೆಯಲ್ಲಿ ಢೋಲು ಬಾರಿಸುತ್ತಿದ್ದ ಕಾಲೇಜು ಹುಡುಗ. ಮನೆಮಾತು ಕನ್ನಡವೇ, ಆದರೆ ಗೆಳೆಯರೆಲ್ಲ ಮರಾಠಿಯವರು. “ಅವರಿಗೆಲ್ಲಾ ಹೋಳಿ ಹಬ್ಬ ಅಂತ ಕೇಳಸ್ತು” ಎಂದು ಮಿಥುನ ನಗುತ್ತಾನೆ. “ಕಾಕೂ ಹೋಳಿ ಬಂತು ಅಂತಾಳ, ಗುಲಾಲ್ ಎಲ್ಲಿ ಅಂತ ಕೇಳಿದ್ರು. ಮುಂದಿನ ಭಾನುವಾರ ಖರೇನೇ ಗುಲಾಲ್ ತಂದ್ರು. ನಾ ಢೋಲು ತಂದೆ. ಕಾಕೂನ ನಡುವ ನಿಲ್ಲಿಸಿದ್ವಿ.” ಮರಾಠಿಯಲ್ಲಿ ಕಾಕೂ ಎಂದರೆ ಚಿಕ್ಕಮ್ಮ.

ಅಲ್ಲಿಂದ ಪೂರ್ವದ ಕಟ್ಟೆಗೆ ಒಂದು ಕಳೆ ಬಂತು. ಪಾರವ್ವ ಕನ್ನಡದಲ್ಲಿ “ಹೊಳಿ ಬಂತೋ” ಎಂದರೆ ಕಟ್ಟೆ ಮರಾಠಿಯಲ್ಲಿ “ವಾಟ ಸೋಡಾ” ಎನ್ನುತ್ತಿತ್ತು. ದಾರಿ ಬಿಡಿ ಎಂದೇ ಅರ್ಥ. ಗೋಲು ಬಿದ್ದರೆ ಗುಲಾಲು ಹಾರುತ್ತಿತ್ತು. ಪರ ಊರಿನ ಪಂದ್ಯವಿದ್ದರೆ ಸ್ವಾರಗೇಟ್ ನಿಲ್ದಾಣದಿಂದ ಸರಕಾರಿ ಎಸ್‌ಟಿ ಬಸ್ಸು ಹಿಡಿದು ಗುಂಪಾಗಿ ಹೋಗುವುದು, ಮೈದಾನದ ಕಿಟಕಿಯಲ್ಲಿ ಕಾಗದದ ಟಿಕೆಟು ಕೊಳ್ಳುವುದು, ಒಂದು ಮೂಲೆ ಹಿಡಿದು ಕೂಗುವುದು. ಪಾರವ್ವ ಎಲ್ಲರಿಗೂ ಸಾಲುವಷ್ಟು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುತ್ತಿದ್ದರು. ಮಾಯಾ ಆಡುವುದು ಬಿಟ್ಟು, ಓದು ಮುಗಿಸಿ, ಕೋಥರೂಡದ ಶಾಲೆಯೊಂದರಲ್ಲಿ ಆಟದ ಟೀಚರ್ ಆದಳು. ತಾಯಿ ಮಾತ್ರ ಕಟ್ಟೆ ಬಿಡಲಿಲ್ಲ, ಗಂಡಸರ ತಂಡದ ಪಂದ್ಯಗಳಿಗೂ ಕೂಗುತ್ತ ಉಳಿದರು.

ಆಮೇಲೆ ಮೈದಾನದ ರೂಪ ಬದಲಾಯಿತು. ಕ್ಲಬ್ಬಿಗೆ ಹೊಸ ಆಡಳಿತ ಬಂತು. ಮೆಟ್ಟಿಲುಗಳ ಮೇಲೆ ನಂಬರು ಬರೆದ ಪ್ಲಾಸ್ಟಿಕ್ ಕುರ್ಚಿ ಕೂರಿಸಿದರು. ಶೌಚಾಲಯ ಚೊಕ್ಕಟವಾಯಿತು, ನೆರಳು ಬಂತು, ಅದನ್ನು ಪಾರವ್ವ ಮನಸಾರೆ ಒಪ್ಪುತ್ತಾರೆ. ಆದರೆ ಟಿಕೆಟ್ಟೆಲ್ಲ ಮೊಬೈಲಿಗೆ ಹೋಯಿತು. ಆ್ಯಪ್ ಯಾರಿಗೆ ಯಾವ ಕುರ್ಚಿ ಕೊಡುತ್ತದೋ ಅಲ್ಲೇ ಕೂರಬೇಕು. ಮಿಥುನ ಒಂದು ತುದಿಗೆ, ಗುಲಾಲಿನ ಹುಡುಗರು ಇನ್ನೊಂದು ತುದಿಗೆ. ಬಟನ್ ಫೋನಿನ ಪಾರವ್ವನಿಗೆ ಮಾಯಾ ಟಿಕೆಟ್ ತೆಗೆಸಿ ಕೊಟ್ಟರೂ, ಸುತ್ತ ಕೂತವರೆಲ್ಲ ಗುರುತಿಲ್ಲದವರು. ಢೋಲಿಗೆ ಪರವಾನಗಿ ಬೇಕೆಂದರು. ಕಾರ್ನರ್ ಒದೆಯುವ ಹೊತ್ತಿಗೆ ಸರಿಯಾಗಿ ದೊಡ್ಡ ಸ್ಪೀಕರಿನಲ್ಲಿ ಸಿನಿಮಾ ಹಾಡು ಮೊಳಗುತ್ತಿತ್ತು.

ಒಂದು ಭಾನುವಾರ ಪಾರವ್ವ ಎದ್ದು ನಿಂತು “ಹೊಳಿ ಬಂತೋ” ಎಂದು ಕೂಗಿದರು. ಯಾರೂ ಉತ್ತರ ಕೊಡಲಿಲ್ಲ. ಹಿಂದೆ ಕೂತಿದ್ದವನೊಬ್ಬ ಮೆಲ್ಲಗೆ ಭುಜ ತಟ್ಟಿ, “ಕಾಕೂ, ಖಾಲೀ ಬಸಾ ನಾ” ಎಂದ. ಕೆಳಗೆ ಕೂತುಕೊಳ್ಳಿ ಎಂದು.

“ಬೈದಿದ್ರ ಛಲೋ ಇತ್ತರಿ. ಭಾಳ ನಯವಾಗಿ ಹೇಳ್ದ. ಅವಂದೇನ್ ತಪ್ಪು? ಟಿಕೀಟ್ ತಗೊಂಡಾನ, ಆಟ ಕಾಣಬೇಕು” ಎನ್ನುತ್ತಾರೆ ಪಾರವ್ವ. ಅಂದು ಅವರು ಕೂತರು. ಮುಂದಿನ ಪಂದ್ಯಗಳಿಗೆ ಹೋಗಲಿಲ್ಲ. ಭಾನುವಾರವೂ ಗಾಳಾಕ್ಕೆ ಬರತೊಡಗಿದರು. ಮನೆಯಲ್ಲಿ ಮಾತು ಕಡಿಮೆಯಾಯಿತು. “ಅವ್ವನ ದನಿ ಅಷ್ಟು ಸಣ್ಣದಾಗಿದ್ದು ನಾ ಎಂದೂ ಕೇಳಿರ್ಲಿಲ್ಲ” ಎಂದು ಮಾಯಾ ಹೇಳುತ್ತಾಳೆ.

ಕಟ್ಟೆಯ ಹುಡುಗರು ಸುಮ್ಮನಿರಲಿಲ್ಲ. ಕಳೆದ ಋತುವಿನಲ್ಲಿ ಕೊಲ್ಲಾಪುರದಲ್ಲಿ ಪಂದ್ಯ ಇತ್ತು. ಕೊಲ್ಲಾಪುರವೆಂದರೆ ಫುಟ್‌ಬಾಲಿಗೆ ಪ್ರಾಣ ಕೊಡುವ ಊರು. ಪರ ಊರಿಗೆ ಹೋದರಾದರೂ ಹಳೆಯ ಹಾಗೆ ಜೊತೆಯಲ್ಲಿ ನಿಂತು ಕೂಗಬಹುದೆಂದು ಮಿಥುನ ಪಾರವ್ವನನ್ನು ಒಪ್ಪಿಸಿದ. ಆದರೆ ಅಲ್ಲಿಯ ಆ್ಯಪ್ ಆ ಜಿಲ್ಲೆಯ ವಿಳಾಸ ಇದ್ದವರಿಗಷ್ಟೇ ಟಿಕೆಟ್ ಕೊಡುತ್ತಿತ್ತು. ಎಷ್ಟು ಸಲ ಒತ್ತಿದರೂ ‘ನಿಮ್ಮ ಪ್ರದೇಶಕ್ಕೆ ಲಭ್ಯವಿಲ್ಲ’ ಎಂದೇ ಬರುತ್ತಿತ್ತು. ಹೋಗಿಯೇ ನೋಡೋಣ, ಕಿಟಕಿಯಲ್ಲಿ ಸಿಕ್ಕರೂ ಸಿಕ್ಕೀತು ಎಂದು ಹೊರಟೇಬಿಟ್ಟರು.

ಕಿಟಕಿಗೆ ಬೀಗ ಬಿದ್ದಿತ್ತು. ಗೇಟಿನ ಕಾವಲುಗಾರ ಒಳ್ಳೆಯವನೇ. “ನನ್ನ ಕೈಯಲ್ಲಿ ಏನೂ ಇಲ್ಲ, ಎಲ್ಲಾ ಫೋನಿನಲ್ಲಿ” ಎಂದು ಕೈ ಮುಗಿದ. ಗೇಟಿನ ಸಂದಿಯಲ್ಲಿ ಇಣುಕಿದರೆ ಒಂದು ಬದಿಯ ಮೆಟ್ಟಿಲುಗಳಷ್ಟೂ ಖಾಲಿ. ಅದೇ ಪರ ಊರಿನವರ ಜಾಗ. ಅಷ್ಟು ದೂರ ಬಂದವರು ಮೈದಾನದ ಗೋಡೆಯ ಪಕ್ಕ, ಕಬ್ಬಿನಹಾಲಿನ ಅಂಗಡಿಯ ನೆರಳಿನಲ್ಲಿ ನಿಂತರು. ಒಳಗೆ ಸೀಟಿ ಊದಿತು. ಆಟ ಶುರುವಾಯಿತೆಂದು ಗೊತ್ತಾದದ್ದು ಅಷ್ಟರಿಂದಲೇ.

ಹುಡುಗರು ವಾಪಸು ಹೊರಡೋಣ ಎಂದರು. ಪಾರವ್ವ ಕಬ್ಬಿನಹಾಲಿನವನ ಬೆಂಚಿನ ಕಡೆ ನೋಡಿದರು. “ತಮ್ಮಾ, ಇದರ ಮ್ಯಾಲ ನಿಲ್ಲಲೇನು?” ಎಂದು ಕೇಳಿದರು. ಅವನಿಗೆ ಮಾತು ತಿಳಿಯಲಿಲ್ಲ, ಕೈಸನ್ನೆ ತಿಳಿಯಿತು. ಬೆಂಚು ಒರೆಸಿ ಕೊಟ್ಟ. ಪಾರವ್ವ ಹತ್ತಿ, ಗೋಡೆಗೆ ಮುಖ ಮಾಡಿ, ಎಷ್ಟೋ ತಿಂಗಳಿಂದ ಕಟ್ಟಿಟ್ಟಿದ್ದ ದನಿಯನ್ನೆಲ್ಲ ತೆಗೆದು ಕೂಗಿದರು. ಮಿಥುನನ ಢೋಲಿಗೆ ಪೆಟ್ಟು ಬಿತ್ತು. ಹುಡುಗರು ಉತ್ತರ ಕೊಟ್ಟರು. ದಾರಿಯಲ್ಲಿ ಹೋಗುವವರು ಸ್ಕೂಟರು ನಿಲ್ಲಿಸಿ ನೋಡಿದರು.

ಒಳಗೆ ಮುಠಾ ತಂಡದ ಆಟಗಾರರು ಗೋಡೆಯ ಕಡೆ ತಿರುಗಿ ನೋಡಿದ್ದನ್ನು ಹೊರಗಿನವರು ಕಾಣಲಿಲ್ಲ. ಅದನ್ನು ಕಂಡವನು ಕೊಲ್ಲಾಪುರ ತಂಡದ ಅಭಿಮಾನಿಗಳ ಮುಂದಾಳು ಮನೋಹರ. ಕನ್ನಡ ಗಡಿಗೆ ಹತ್ತಿರದ ಗಡಹಿಂಗ್ಲಜದವನು, ಕೊಲ್ಲಾಪುರದಲ್ಲಿ ಎರಕದ ಕಾರ್ಖಾನೆಯ ಕೆಲಸಗಾರ. ಹಾಫ್‌ಟೈಮಿನಲ್ಲಿ ಅವನು ಮೆಟ್ಟಿಲ ತುದಿಗೆ ಹತ್ತಿ ಗೋಡೆಯ ಮೇಲಿಂದ ತಲೆ ಹಾಕಿದ.

“ಯವ್ವಾ, ಕನ್ನಡದಾಗ ಕೂಗಾಕತ್ತೀಯಲ್ಲ, ಯಾವೂರು ನಿಮ್ದು?”

“ಅಫಜಲಪುರ ಕಡಿದಪ್ಪ. ಈಗ ಪುಣಾದಾಗ ಇರ್ತೀವಿ.”

“ಹೊರಗ ಯಾಕ ನಿಂತೀರಿ? ಇಲ್ಲಿ ನಿಮ್ಮ ಜಾಗ ಪೂರಾ ಖಾಲಿ ಐತಿ.”

“ಫೋನ್ ಬಿಡವಲ್ದು ನೋಡಪ್ಪ. ಮನಷ್ಯಾ ಆಗಿದ್ರ ಕೈಕಾಲು ಹಿಡೀತಿದ್ವಿ.”

ಮನೋಹರ ಕೆಳಗಿಳಿದು ಹೋಗಿ ಗೇಟಿನವರ ಹತ್ತಿರ ಜಗಳವಾಡಿದ. ಫಲ ಸಿಗಲಿಲ್ಲ. ಮತ್ತೆ ಮೇಲೆ ಬಂದ. ಎರಡನೇ ಅರ್ಧ ಶುರುವಾದಾಗ ಅವನು ತನ್ನ ಗುಂಪಿನ ನಡುವೆ ಕೂರಲಿಲ್ಲ. ಗೋಡೆಯ ಪಕ್ಕದ ತುದಿ ಮೆಟ್ಟಿಲ ಮೇಲೆ ನಿಂತು, ಒಳಗೊಮ್ಮೆ ನೋಡಿ ಹೊರಗೊಮ್ಮೆ ಬಗ್ಗಿ, ಪುಣೆಯವರಿಗೆ ಆಟದ ವರದಿ ಒಪ್ಪಿಸತೊಡಗಿದ. “ನಿಮ್ಮ ಹುಡುಗ ಎಡಕ್ಕ ಓಡ್ಯಾನ! ಹೋತು, ಕೀಪರ್ ಹಿಡದ!” ತನ್ನ ತಂಡ ಗೋಲು ಹೊಡೆದಾಗ ಮಾತ್ರ ಸ್ವಲ್ಪ ಹೊತ್ತು ತಲೆ ಕಾಣಲಿಲ್ಲ. ಆಮೇಲೆ ಬಂದು ಸಂಕೋಚದಿಂದ, “ನಮ್ದೊಂದು ಆತವ್ವಾ, ಸಿಟ್ಟಾಗಬ್ಯಾಡ್ರಿ” ಎಂದ. ಹೊರಗಿದ್ದವರು ಬೇಸರದ ನಡುವೆಯೂ ನಕ್ಕರು.

ಆಟ ಮುಗಿಯುವ ಹೊತ್ತಿಗೆ ಗೋಡೆಯ ಮೇಲೆ ಅವನ ಎರಡೂ ಕೈ ಎದ್ದವು. “ನಿಮ್ದು ಹೊಕ್ಕತ್ರಿ! ಗೋಲ್! ಗೋಲ್ ಹೊಕ್ಕತವ್ವಾ!”

ಗುಲಾಲು ರಸ್ತೆಯ ಮೇಲೆಯೇ ಹಾರಿತು. ಕಬ್ಬಿನಹಾಲಿನವನು ಕೆಂಪಾದ. ಅವನ ಗಾಣವೂ ಕೆಂಪಾಯಿತು. ಕಾವಲುಗಾರನಿಗೂ ಹಣೆಗೆ ಒಂದಿಷ್ಟು ಹಚ್ಚಿದರು. ಒಂದು ಗೋಲನ್ನೂ ಕಣ್ಣಲ್ಲಿ ಕಾಣದ ಆ ಪಂದ್ಯವೇ ತಾನು ನೋಡಿದ ಅತ್ಯುತ್ತಮ ಪಂದ್ಯ ಎಂದು ಮಿಥುನ ಆಣೆ ಮಾಡಿ ಹೇಳುತ್ತಾನೆ.

ಪಂದ್ಯ ಮುಗಿದ ಮೇಲೆ ಮನೋಹರ ಹೊರಗೆ ಬಂದ. ಕಬ್ಬಿನಹಾಲು ಕುಡಿಯುತ್ತ ತನ್ನ ಅಳಲೂ ತೋಡಿಕೊಂಡ. ಪುಣೆಗೆ ಬಂದಾಗ ತಮ್ಮವರಿಗೂ ಹೀಗೇ ಆಗಿತ್ತು. ತಮ್ಮ ಮೆಟ್ಟಿಲುಗಳೂ ಮೊದಲಿನಂತಿಲ್ಲ. ಎದುರಿಗೆ ಕೂಗುವವರೇ ಇಲ್ಲದಿದ್ದರೆ ತಾವಾದರೂ ಯಾರಿಗೆ ಉತ್ತರ ಕೊಡುವುದು? “ನೀವು ಹೊರಗಿಂದ ಕೂಗಿದಾಗ ನಮ್ಮ ಹುಡುಗರೂ ಎದ್ದು ನಿಂತ್ರವ್ವಾ. ವರ್ಷಾತು ಹಂಗ ಎದ್ದು” ಎಂದ. ಪರ ಊರಿನವರಿಗೆ ಟಿಕೆಟ್ ಯಾಕಿಲ್ಲವೆಂದು ಎರಡೂ ಕಡೆಯವರು ತಮ್ಮ ತಮ್ಮ ಕ್ಲಬ್ಬಿಗೆ ಹೋಗಿ ಕೇಳುವುದೆಂದು ಅಲ್ಲೇ ಮಾತಾಯಿತು.

ಮುಠಾ ವಾಂಡರರ್ಸ್‌ನ ಕಚೇರಿ ವಿಮಾನ ನಗರದಲ್ಲಿ, ಗಾಜಿನ ಕಟ್ಟಡವೊಂದರಲ್ಲಿದೆ. ಮಾಯಾ, ಮಿಥುನರನ್ನು ಜೊತೆ ಮಾಡಿಕೊಂಡು ಪಾರವ್ವ ಸಿಟಿ ಬಸ್ಸಿನಲ್ಲಿ ಹೋದರು. ದಾರಿಯುದ್ದಕ್ಕೂ ಜಗಳದ ಮಾತುಗಳನ್ನೇ ಜೋಡಿಸಿಕೊಂಡಿದ್ದರು. ಪರ ಊರಿನ ಟಿಕೆಟುಗಳನ್ನು ಕ್ಲಬ್ಬಿನವರು ಜಾಹೀರಾತುದಾರರಿಗೆ ಹಂಚಿಬಿಡುತ್ತಾರೆಂದು ಅವರು ಬಲವಾಗಿ ನಂಬಿದ್ದರು. ಟಿಕೆಟ್ ವಿಭಾಗ ನೋಡಿಕೊಳ್ಳುವ ಸ್ನೇಹಲ್ ಎಂಬ ಯುವತಿ ಅವರನ್ನು ಕೂರಿಸಿ ನೀರು ಕೊಟ್ಟು, ಪೂರ್ತಿ ಕೇಳಿಸಿಕೊಂಡಳು. ಅವಳ ಮನೆಮಾತೂ ಕನ್ನಡವೇ, ಆಮೇಲೆ ತಾನೂ ಕನ್ನಡದಲ್ಲೇ ಹೇಳಿದಳು.

“ಆಂಟಿ, ಆ ಟಿಕೆಟ್ ನಾವು ಯಾರಿಗೂ ಕೊಟ್ಟಿಲ್ರಿ. ಪ್ರತಿ ಸಲ ಎದುರು ತಂಡದವರು ನಮಗಂತ ಒಂದು ಪಾಲು ಇಡ್ತಾರ. ಬೇಕಂದವರು ಯಾರೂ ಇಲ್ಲಂತ ನಾವು ವಾಪಸ್ ಕಳಸ್ತೀವಿ. ಅಭಿಮಾನಿ ಸಂಘಕ್ಕ ಪ್ರತಿ ಸಲ ಇಮೇಲ್ ಹಾಕೀನಿ.”

ಯಾವ ಸಂಘ ಎಂದು ವಿಚಾರಿಸಿದಾಗ ತಿಳಿದದ್ದಿಷ್ಟು. ಹಳೆಯ ಸಂಘದ ಕಾರ್ಯದರ್ಶಿ ಪುಣೆ ಬಿಟ್ಟು ಹೋಗಿ ವರ್ಷಗಳಾಗಿವೆ. ಪತ್ರಗಳೆಲ್ಲ ಅವರಿಗೆ ಹೋಗುತ್ತಿದ್ದವು. ಸ್ನೇಹಲ್ ಫೋನ್ ಮಾಡಿ ವಿಚಾರಿಸಬಹುದಿತ್ತು, ಮಾಡಿರಲಿಲ್ಲ. ಹುಡುಗರು ಒಮ್ಮೆ ಕಚೇರಿಗೆ ಬಂದು ಕೇಳಬಹುದಿತ್ತು, ಅವರೂ ಬಂದಿರಲಿಲ್ಲ. ಮಿಥುನನ ಮುಖ ಕೆಂಪೇರಿತು. ಪಾರವ್ವ ಇದ್ದಕ್ಕಿದ್ದಂತೆ ನಗಲಾರಂಭಿಸಿದರು.

“ಅಂದ್ರ ಟಿಕೀಟೂ ಇದ್ವು, ನಾವೂ ಇದ್ವಿ! ನಿನ್ನ ಮ್ಯಾಲ ಸುಳ್ಳೇ ಸಿಟ್ಟಾಗಿದ್ದೆ ನೋಡವ್ವ.”

ಸ್ನೇಹಲ್ ಒಂದು ದಾರಿ ತೋರಿಸಿದಳು. ಸಂಘ ಹೊಸದಾಗಿ ನೋಂದಣಿಯಾಗಬೇಕು. ಆಗ ಪರ ಊರಿನ ಟಿಕೆಟುಗಳನ್ನು ಮುದ್ರಿಸಿ ಸಂಘದ ಕೈಗೇ ಕೊಡಬಹುದು. ಪುಣೆಯಲ್ಲೂ ಪೂರ್ವದ ಒಂದು ಭಾಗವನ್ನು ಒಟ್ಟಿಗೇ ಬಿಟ್ಟುಕೊಡಬಹುದು, ಢೋಲು ಸಮೇತ. ಆದರೆ ಒಬ್ಬರು ಜವಾಬ್ದಾರಿ ಹೊರಬೇಕು. ಗಲಾಟೆಯಾದರೆ, ಯಾರಾದರೂ ಏನಾದರೂ ಎಸೆದರೆ, ಆ ಹೆಸರಿನವರಿಗೆ ಲೀಗಿನ ಯಾವ ಮೈದಾನಕ್ಕೂ ಮತ್ತೆ ಪ್ರವೇಶವಿಲ್ಲ. ಪೊಲೀಸರೂ ಮೊದಲು ಅವರನ್ನೇ ಕೇಳುತ್ತಾರೆ. ಮುಂದೆ ಕೊಲ್ಲಾಪುರದವರು ಪುಣೆಗೆ ಬರುವ ಪಂದ್ಯವೇ ಪರೀಕ್ಷೆ. ಅದು ಕೆಟ್ಟರೆ ಆಡಳಿತ ಮತ್ತೆಂದೂ ಈ ಮಾತು ಎತ್ತಲು ಬಿಡುವುದಿಲ್ಲ.

ಮಿಥುನ ತನ್ನ ಗ್ಯಾರೇಜು ನೆನೆದ. ಮಾಯಾ ತನ್ನ ಶಾಲೆಯ ಕೆಲಸ ನೆನೆದಳು. ಪಾರವ್ವ, “ನನ್ನ ಹೆಸರು ಬರಕೋ” ಎಂದರು.

ಮನೆಯಲ್ಲಿ ಹುಸೇನಪ್ಪ ಒಪ್ಪಲಿಲ್ಲ. ಮಾತು ಕಡಿಮೆಯ ಮನುಷ್ಯ. ಒಂದು ಪಂದ್ಯಕ್ಕೂ ಹೋದವರಲ್ಲ. “ಯಾರೋ ಹುಡುಗ ಕುಡದು ಬಂದು ಏನರ ಒಗದ್ರ ನಿನ್ನ ಹಿಡೀತಾರ. ಅವರವ್ವ ನೀನೇನು?” ಎಂದು ಕೇಳಿದರು. ಪಾರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಕಾಕೂ ಅಂತಾರ. ಮತ್ತೇನ್ ಮಾಡ್ಲಿ?” ಎಂದರು. ಎರಡು ದಿನ ಮುನಿಸು ನಡೆಯಿತು. ಪಂದ್ಯದ ದಿನ ಹುಸೇನಪ್ಪ ಕೆಲಸಕ್ಕೆ ಹೋಗದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. “ನಾ ಸಾಲಿನ ತುದಿಗೆ ನಿಂದರ್ತೀನಿ. ಕುಡದವರು ನನಗ ವಾಸನಿ ಮ್ಯಾಲೇ ಗೊತ್ತಾಗ್ತದ.”

ಆ ಸಂಜೆ ಪೂರ್ವದ ಕಟ್ಟೆಯಲ್ಲಿ ಹಳೆಯ ಮುಖಗಳೆಲ್ಲ ಒಟ್ಟಿಗೆ ಸೇರಿದವು. ಪಕ್ಕದ ಭಾಗದಲ್ಲಿ ಮನೋಹರ ಮತ್ತು ಅವನ ಕೊಲ್ಲಾಪುರದ ಪಡೆ. ಸ್ಪೀಕರು ಬಂದ್. ಎರಡೂ ಕಡೆಯ ಕೂಗು ಒಂದರ ಮೇಲೊಂದು ಏರುತ್ತಿದ್ದಂತೆ ಉಳಿದ ಪ್ರೇಕ್ಷಕರೂ ಕುರ್ಚಿಯಿಂದ ಎದ್ದರು. ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ರೆಫರಿ ಕೊಲ್ಲಾಪುರಕ್ಕೊಂದು ಪೆನಾಲ್ಟಿ ಕೊಟ್ಟ. ಪುಣೆಯವರ ಕಣ್ಣಿಗೆ ಅದು ಅನ್ಯಾಯ. ಗೋಲಾಯಿತು. ಕಟ್ಟೆಯ ನಡುವಿನಿಂದ ನೀರಿನ ಬಾಟಲಿಯೊಂದು ಹಾರಿ ಹೋಗಿ ಕೊಲ್ಲಾಪುರದವರ ಮೆಟ್ಟಿಲ ಮೇಲೆ ಬಿತ್ತು. ಆ ಕಡೆಯ ಹುಡುಗರು ತಿರುಗಿ ನಿಂತರು. ಗೇಟಿನ ಹತ್ತಿರದ ಪೊಲೀಸರು ಲಾಠಿ ಕೈಗೆ ತೆಗೆದುಕೊಂಡರು.

ಪಾರವ್ವ ಕೂಗು ನಿಲ್ಲಿಸಿದರು. ಎರಡು ಗುಂಪುಗಳ ನಡುವಿನ ಹಾದಿ ದಾಟಿ ಕೊಲ್ಲಾಪುರದವರ ಒಳಗೆ ಹೋದರು. ಬಾಟಲಿ ಎತ್ತಿಕೊಂಡು ಮನೋಹರನ ಪಕ್ಕ ನಿಂತು ತಮ್ಮವರ ಕಡೆ ತಿರುಗಿದರು.

“ಒಗೀರಿ ಈಗ! ಇನ್ನೊಂದು ಒಗದ್ರ ನನಗ ಬಡೀತದ!”

ಎತ್ತಿದ ಕೈಗಳು ಕೆಳಗಿಳಿದವು. ಪಕ್ಕದಲ್ಲಿದ್ದ ಮನೋಹರ ಅವರ ಕೈಯಿಂದ ಬಾಟಲಿ ಇಸಿದುಕೊಂಡ. “ಕೂಗವ್ವಾ” ಎಂದು ಮೆಲ್ಲಗೆ ಹೇಳಿದ. ಪಾರವ್ವ ಅಲ್ಲಿಂದಲೇ, ಎದುರಾಳಿಗಳ ನಡುವಿನಿಂದಲೇ “ಹೊಳಿ ಬಂತೋ” ಎಂದು ಎತ್ತಿದರು. ಮೊದಲು ಉತ್ತರ ಕೊಟ್ಟವರು ಕೊಲ್ಲಾಪುರದವರು. “ವಾಟ ಸೋಡಾ!” ತಮ್ಮ ಕೂಗನ್ನು ಎದುರಾಳಿಗಳ ಬಾಯಲ್ಲಿ ಕೇಳಿದ ಮೇಲೆ ಪುಣೆಯವರು ಸುಮ್ಮನಿರುವುದುಂಟೆ? ಮಿಥುನನ ಢೋಲಿಗೆ ಪೆಟ್ಟು ಬಿತ್ತು. ಪೊಲೀಸರು ಲಾಠಿ ಕೆಳಗಿಳಿಸಿದರು. ಪಂದ್ಯವನ್ನು ಮುಠಾ ಸೋತಿತು. ಆದರೆ ಸೀಟಿ ಊದಿದ ಮೇಲೂ ಬಹಳ ಹೊತ್ತು ಯಾರೂ ಮನೆಗೆ ಹೊರಡಲಿಲ್ಲ.

ಬಾಟಲಿ ಎಸೆದವನು ಯಾರೆಂದು ಹುಸೇನಪ್ಪನಿಗೆ ಗೊತ್ತಾಗಿತ್ತು. ಹೆಸರು ಹೇಳಬೇಡಿ ಎಂದು ಪಾರವ್ವ ಗಂಡನಿಗೆ ತಾಕೀತು ಮಾಡಿದ್ದಾರೆ. ಪಂದ್ಯ ಮುಗಿದ ಮೇಲೆ ಖಾಲಿ ಬಾಟಲಿ ಆರಿಸುವ ಗುಂಪಿಗೆ ಈಗ ಅವನೇ ಮುಂದಾಳು. ಸ್ನೇಹಲ್ ಅಂದು ಮೊದಲ ಬಾರಿಗೆ ಕಚೇರಿ ಬಿಟ್ಟು ಬಂದು ಪೂರ್ವದ ಮೆಟ್ಟಿಲ ಮೇಲೆ ನಿಂತು ಪಂದ್ಯ ನೋಡಿದಳು. ಮರುದಿನ ಆಡಳಿತದವರ ಮುಂದೆ ಕಟ್ಟೆಯ ಪರ ವಾದಿಸಿ, ಪಾರವ್ವನ ಪ್ರವೇಶ ನಿಲ್ಲದಂತೆ ನೋಡಿಕೊಂಡವಳು ಅವಳೇ.

ಈ ಋತುವಿನಲ್ಲಿ ಶನಿವಾರ ಬೆಳಿಗ್ಗೆ ಮಾರ್ಕೆಟ್ ಯಾರ್ಡಿಗೆ ಹೋದರೆ ಒಂದು ವಿಚಿತ್ರ ನೋಟ ಕಾಣುತ್ತದೆ. ವಿಮಾನ ನಗರದ ಆಫೀಸಿನ ಹುಡುಗರು, ಕೋಥರೂಡದ ಸಂಸಾರಸ್ಥರು, ಕಾಲೇಜಿನ ಹುಡುಗಿಯರು ಉಳ್ಳಾಗಡ್ಡಿ ಚೀಲಗಳ ನಡುವೆ ದಾರಿ ಮಾಡಿಕೊಂಡು ನಿಜಲಿಂಗಪ್ಪನ ಗಾಳಾಕ್ಕೆ ಬರುತ್ತಾರೆ. ಪರ ಊರಿನ ಪಂದ್ಯದ ಕಾಗದದ ಟಿಕೆಟು ಕೊಡುವುದು ಅಲ್ಲಿಯೇ. ಪಾರವ್ವ ಕೈ ಒರೆಸಿಕೊಂಡು ಒಬ್ಬೊಬ್ಬರಿಗೂ ಕೊಡುತ್ತಾರೆ, ಮುಖ ನೋಡಿ ಒಂದೊಂದು ಮಾತು ಹೇಳುತ್ತಾರೆ. ನಿಜಲಿಂಗಪ್ಪ ಗೊಣಗುತ್ತ ಎಲ್ಲರಿಗೂ ಚಹಾ ತರಿಸುತ್ತಾರೆ. ಬಂದವರು ಹೇಗೂ ಒಂದಿಷ್ಟು ಉಳ್ಳಾಗಡ್ಡಿ ಕೊಂಡೇ ಹೋಗುತ್ತಾರಲ್ಲ!

ಎಲ್ಲವೂ ಸರಿಯಾಗಿದೆ ಎಂದಲ್ಲ. ಕೆಲವು ಊರುಗಳ ತಂಡಗಳು ಇನ್ನೂ ಆ್ಯಪ್ ಬಿಟ್ಟು ಬೇರೆ ದಾರಿ ಒಪ್ಪುತ್ತಿಲ್ಲ. ಹೋದ ತಿಂಗಳು ಒಂದು ಕಡೆ ಅರ್ಧ ಜನ ಗೇಟಿನಿಂದಲೇ ಮರಳಿದರು. ಪೂರ್ವದ ಕಟ್ಟೆಯಲ್ಲೂ ಮಳೆ ಬಂದ ದಿನ ಕುರ್ಚಿಗಳು ಖಾಲಿ ಉಳಿಯುತ್ತವೆ. “ಹಂಗೇ ತುಂಬತಾವ ಬಿಡ್ರಿ. ಒಂದ ದಿನದಾಗ ಬರಿದಾಗಿಲ್ಲ, ಒಂದ ದಿನದಾಗ ತುಂಬಂಗಿಲ್ಲ” ಎನ್ನುತ್ತಾರೆ ಪಾರವ್ವ.

ಮೊನ್ನೆ ಮತ್ತೆ ಕೊಲ್ಲಾಪುರದಲ್ಲಿ ಪಂದ್ಯ. ಈ ಸಲ ಪುಣೆಯವರು ಗೇಟಿನಿಂದಲೇ ಒಳಗೆ ಹೋದರು. ಪಾರವ್ವ ಎಂದಿನಂತೆ ಕೆಳಗಿನ ಮೆಟ್ಟಿಲ ಮೇಲೆ, ತಮ್ಮ ಜನಕ್ಕೆ ಮುಖ ಮಾಡಿ ನಿಂತರು. ಕೂಗು ಎತ್ತಿಕೊಡುವವರು ನಿಲ್ಲುವುದು ಹಾಗೆಯೇ. ಆಟ ನಡೆಯುವುದು ಅವರ ಬೆನ್ನ ಹಿಂದೆ. ಇಷ್ಟು ವರ್ಷಗಳಲ್ಲಿ ಅವರು ಕಣ್ಣಾರೆ ಕಂಡ ಗೋಲುಗಳು ತೀರ ಕಡಿಮೆ. ಜನರ ಮುಖ ಅರಳಿದ್ದು ನೋಡಿಯೇ ಗೋಲಾಯಿತೆಂದು ತಿಳಿಯುತ್ತಾರೆ. ಬಸ್ಸಿನಲ್ಲಿ ಹೋಗುವಾಗ ಯಾರೋ, ನಿನಗೇನು ಆಸೆ ಕಾಕೂ ಎಂದು ಕೇಳಿದ್ದರಂತೆ. “ಒಮ್ಮೆ ನಾನೂ ಮಂದಿ ಹಂಗ ಮ್ಯಾಲ ಕುಂತು, ಗೋಲ್ ಹೊಡಿಯೂದು ಪೂರಾ ನೋಡಬೇಕು” ಎಂದಿದ್ದರು.

ಹುಸೇನಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಕೇಳಿಸಿಕೊಂಡರೆಂದು ಯಾರಿಗೂ ಅನ್ನಿಸಿರಲಿಲ್ಲ.

ಆಟದ ಕೊನೆಯ ಹೊತ್ತು. ಎರಡೂ ತಂಡಗಳಿಗೆ ಗೋಲಿಲ್ಲ. ಹುಸೇನಪ್ಪ ತಮ್ಮ ಸಾಲಿನ ತುದಿ ಬಿಟ್ಟು ಮೆಟ್ಟಿಲಿಳಿದು ಬಂದು ಹೆಂಡತಿಯ ಪಕ್ಕ ನಿಂತರು.

“ಹೋಗು, ಮಾಯಾನ ಬಾಜೂಕ ಕುಂದ್ರು.”

“ಮತ್ತ ಕೂಗವ್ರು ಯಾರು?”

“ನಾ ಕೂಗ್ತೀನಿ. ಹೋಗು.”

ಪಾರವ್ವ ನಂಬದೆ ಅವರ ಮುಖ ನೋಡಿದರು, ಹತ್ತಿ ಹೋಗಿ ಮಗಳ ಪಕ್ಕ ಕೂತರು. ಹುಸೇನಪ್ಪ ಗಂಟಲು ಸರಿಮಾಡಿಕೊಂಡರು. ಮೊದಲ ಸಲ ದನಿಯೇ ಹೊರಡಲಿಲ್ಲ. ಎರಡನೇ ಸಲ ಒಡೆದ ಗಂಟಲಲ್ಲಿ “ಹೊಳಿ ಬಂತೋ” ಎಂದರು. ಒಂದು ಗಳಿಗೆ ಎಲ್ಲರೂ ಬೆರಗಾದರು. ಆಮೇಲೆ ಕಟ್ಟೆಯಿಡೀ ಎದ್ದು ಉತ್ತರ ಕೊಟ್ಟಿತು, ಹಿಂದೆಂದೂ ಕೊಡದಷ್ಟು ಜೋರಾಗಿ. ಪಾರವ್ವ ಕೂತಲ್ಲಿಂದಲೇ ಎಲ್ಲರ ಜೊತೆ ಕೂಗಿದರು.

ಗೋಲಾಗಲಿಲ್ಲ. ಒಂದು ಹೊಡೆತ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಪಾರವ್ವ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಎದ್ದು ನಿಂತದ್ದನ್ನು ಮಾಯಾ ಫೋನಿನಲ್ಲಿ ಹಿಡಿದಿದ್ದಾಳೆ.

ಆಸೆ ತೀರಲಿಲ್ಲವಲ್ಲ ಎಂದರೆ ಪಾರವ್ವ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

“ಗೋಲ್ ಇವತ್ತಿಲ್ಲ ನಾಳಿ ಆಗ್ತದ ಬಿಡ್ರಿ. ನಮ್ಮ ಮನಿಯವ್ರು ಕೂಗಿದ್ದು ಕೇಳಿದ್ರಿಲ್ಲೋ? ನಡುವ ನಡುವ ತಾಳ ತಪ್ಪತದ. ಕಲೀತಾರ.”